ಕಹಿ ಮೂಲಿಕೆಯನ್ನು ಚೀನೀಯರ ಐದು ಮನೆಗಳಲ್ಲಿ ಯಾವುದರಲ್ಲಿ ಇಡಬೇಕು?

ಜೆಂಟಿಯನ್ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಮೂರು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದು ಪಾಶ್ಚಾತ್ಯ ಗಿಡಮೂಲಿಕೆ ವೈದ್ಯವನ್ನು ಕಲಿಯುತ್ತಿದ್ದೇನೆ. ಇಲ್ಲಿ ಒಂದೊಂದು ಮೂಲಿಕೆಯನ್ನೂ ಅದು ದೇಹದಲ್ಲಿ ಮಾಡುವ ಕೆಲಸದಿಂದ, ನಮ್ಮ ಮಾತಿನಲ್ಲಿ ಹೇಳುವುದಾದರೆ ಅದರ ಕರ್ಮದಿಂದ, ಗುರುತಿಸುತ್ತಾರೆ. ಹಸಿವು ಹುಟ್ಟಿಸುವ ಕಹಿ, ವಾಯು ಇಳಿಸುವ ಸುಗಂಧಿ, ಬೆವರು ತರಿಸುವುದು, ಮೂತ್ರಲ, ಕಫ ಸಡಿಲಿಸುವುದು, ನರಗಳಿಗೆ ಶಮನ ಕೊಡುವುದು, ಒಗರಿನಿಂದ ಬಿಗಿ ಮಾಡುವುದು, ಲೋಳೆಯಿಂದ ಉರಿ ತಣಿಸುವುದು, ಹೀಗೆ ಕರ್ಮಗಳ ದೊಡ್ಡ ಪಟ್ಟಿಯೇ ಇದೆ. ಕಳೆದ ಚಳಿಗಾಲದಿಂದ ಚೀನೀ ವೈದ್ಯದ ಪ್ರಾಥಮಿಕ ಪಾಠಗಳನ್ನೂ ಕೇಳುತ್ತಿರುವುದರಿಂದ, ಎರಡನ್ನೂ ಒಂದೇ ಹಾಳೆಯ ಮೇಲೆ ನೋಡಬೇಕೆಂಬ ಆಸೆ ಹುಟ್ಟಿತು.

ಚೀನೀ ಪದ್ಧತಿಯ ಐದು ಮನೆಗಳು ಮರ, ಬೆಂಕಿ, ಮಣ್ಣು, ಲೋಹ, ನೀರು. ಅವುಗಳ ಅಂಗಗಳು ಕ್ರಮವಾಗಿ ಯಕೃತ್ತು, ಹೃದಯ, ಪ್ಲೀಹ, ಶ್ವಾಸಕೋಶ, ಮೂತ್ರಪಿಂಡ. ರುಚಿಗಳು ಹುಳಿ, ಕಹಿ, ಸಿಹಿ, ಖಾರ, ಉಪ್ಪು. ನಾನು ಕಹಿ ಮೂಲಿಕೆಗಳನ್ನೆಲ್ಲ ಬೆಂಕಿಗೆ, ಕಫ ಸಡಿಲಿಸುವ ಖಾರದವುಗಳನ್ನು ಲೋಹಕ್ಕೆ, ಮೂತ್ರಲಗಳನ್ನು ನೀರಿಗೆ, ಲೋಳೆಯುಳ್ಳ ಸಿಹಿಯವುಗಳನ್ನು ಮಣ್ಣಿಗೆ ಹಾಕುತ್ತಾ ಹೋದೆ. ಎಲ್ಲವೂ ಅಚ್ಚುಕಟ್ಟಾಗಿ ಕೂರುತ್ತಿತ್ತು, ಜೆಂಟಿಯನ್ ಬರುವವರೆಗೆ.

ಆಲ್ಪ್ಸ್ ಬೆಟ್ಟಗಳ ಈ ಹಳದಿ ಹೂವಿನ ಗಿಡದ ಬೇರನ್ನು ಮದ್ಯಸಾರದಲ್ಲಿ ನೆನೆಸಿ, ಊಟಕ್ಕೆ ಸ್ವಲ್ಪ ಮುಂಚೆ ಕೆಲವು ಹನಿ ನೀರಿನಲ್ಲಿ ಕೊಡುವುದು ಇಲ್ಲಿಯ ಹಳೆಯ ಕ್ರಮ. ನಾಲಿಗೆಯ ಮೇಲೆ ಇಟ್ಟ ಕ್ಷಣ ಹಸಿ ಮಣ್ಣಿನಂಥ ಸಣ್ಣ ಸಿಹಿ ತಿಳಿಯುತ್ತದೆ. ಅದರ ಬೆನ್ನಿಗೇ ಗಂಟಲಿನ ತನಕ ಇಳಿಯುವ ಕಹಿ ಬರುತ್ತದೆ, ಬಾಯಿ ತುಂಬ ನೀರೂರುತ್ತದೆ, ನಾಲ್ಕೈದು ನಿಮಿಷದಲ್ಲಿ ಹೊಟ್ಟೆ ಗುರುಗುಡುತ್ತದೆ. ಇಷ್ಟು ಕಹಿಯಾದದ್ದು ಬೆಂಕಿಗೆ, ಅಂದರೆ ಹೃದಯಕ್ಕೆ, ಸೇರಲೇಬೇಕಲ್ಲವೇ? ಆದರೆ ಅದರ ಚೀನೀ ದಾಯಾದಿಯಾದ ಲುಂಗ್ ದಾನ್ ಸಾವ್ ಬೇರು ಯಕೃತ್ತು ಮತ್ತು ಪಿತ್ತಕೋಶಕ್ಕೆ ಹೋಗುತ್ತದೆ ಎಂದು ಚೀನೀ ಔಷಧಕೋಶ ಹೇಳುತ್ತದೆ. ಅದು ಮರದ ಮನೆ. ನನ್ನ ಪಟ್ಟಿ ತಪ್ಪೋ, ಅಥವಾ ಪಟ್ಟಿ ಮಾಡುವ ಆಲೋಚನೆಯೇ ತಪ್ಪೋ? ತಿಳಿದವರು ದಯವಿಟ್ಟು ಹೇಳಬೇಕು.

ಮೈಸೂರಿನ ಆಯುರ್ವೇದ ವೈದ್ಯ

ಪ್ರಶ್ನೆ ಬಹಳ ಚೆನ್ನಾಗಿದೆ. ಉತ್ತರಕ್ಕೆ ಮೊದಲು ಒಂದು ಪದವನ್ನು ಸರಿಪಡಿಸಿಕೊಳ್ಳೋಣ. ನಮ್ಮಲ್ಲಿ ಅನೇಕರು ಚೀನೀಯರ ವೂಷಿಂಗ್ ಅನ್ನು ಪಂಚಭೂತ ಎಂದು ಬರೆದುಬಿಡುತ್ತಾರೆ. ನೀವು ಹಾಗೆ ಬರೆದಿಲ್ಲ, ಸಂತೋಷ. ಆದರೆ ಮನೆ ಎಂಬ ಮಾತಿನಲ್ಲಿ ಅದೇ ಭಾವನೆ ಇಣುಕುತ್ತಿದೆ. ಷಿಂಗ್ ಎಂಬ ಅಕ್ಷರದ ಅರ್ಥ ನಡೆ, ಸಾಗು ಎಂದು. ಆದ್ದರಿಂದ ಪಂಚಗತಿ ಎಂದರೆ ಹತ್ತಿರವಾದೀತು. ನಮ್ಮ ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶಗಳು ದ್ರವ್ಯ ಯಾವುದರಿಂದ ಆಗಿದೆ ಎಂದು ಹೇಳುತ್ತವೆ. ಅವರ ಐದು ಗತಿಗಳು ಒಂದು ಸ್ಥಿತಿ ಇನ್ನೊಂದಕ್ಕೆ ಹೇಗೆ ದಾರಿ ಬಿಡುತ್ತದೆ, ಹೇಗೆ ತಡೆ ಒಡ್ಡುತ್ತದೆ ಎಂದು ಹೇಳುತ್ತವೆ. ಅಲ್ಲಿ ವಾಯು ಆಕಾಶಗಳಿಲ್ಲ, ಇಲ್ಲಿ ಮರ ಲೋಹಗಳಿಲ್ಲ. ಬೆಂಕಿ, ಮಣ್ಣು, ನೀರು ಎಂಬ ಮೂರು ಹೆಸರುಗಳು ಒಂದೇ ಆಗಿರುವುದೇ ನಮ್ಮವರ ಗೊಂದಲಕ್ಕೆ ಕಾರಣ.

ನಿಮ್ಮ ಕಹಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ತಿಕ್ತ ರಸ ವಾಯು ಮತ್ತು ಆಕಾಶಗಳಿಂದ ಆದದ್ದು, ಶೀತವೀರ್ಯ ಅದರ ಸಾಮಾನ್ಯ ಗುಣ. ಚೀನೀಯರೂ ಕಹಿ ಬೇರುಗಳನ್ನು ಬಹುಪಾಲು ಶೀತ ಎಂದೇ ಹೇಳುತ್ತಾರೆ. ಆದರೂ ಕಹಿಯನ್ನು ಬೆಂಕಿಗೆ ಹಚ್ಚಿದ್ದಾರೆ. ಏಕೆಂದರೆ ಅವರ ಅತಿ ಹಳೆಯ ಗ್ರಂಥಗಳಲ್ಲಿ ಒಂದಾದ ಶಾಂಗ್‌ಶುವಿನ ಒಂದು ಭಾಗ, ಮೇಲಕ್ಕೆ ಉರಿಯುವುದು ಕಹಿಯಾಗುತ್ತದೆ, ಕೆಳಕ್ಕೆ ತೊಯ್ದು ಇಳಿಯುವುದು ಉಪ್ಪಾಗುತ್ತದೆ, ಬಿತ್ತಿ ಬೆಳೆಯುವುದು ಸಿಹಿಯಾಗುತ್ತದೆ ಎಂದು ಹೇಳುತ್ತದೆ. ತಳ ಹಿಡಿದ ಅನ್ನದ ಸೀಕಲನ್ನು ಬಾಯಿಗೆ ಹಾಕಿಕೊಂಡವರಿಗೆ ಬೆಂಕಿ ಕಹಿಯಾಗುವುದು ಹೇಗೆಂದು ಬೇರೆ ಹೇಳಬೇಕಿಲ್ಲ. ಅದು ರುಚಿಯ ಹುಟ್ಟಿನ ಮಾತೇ ಹೊರತು, ಆ ರುಚಿಯುಳ್ಳ ಔಷಧಿ ಎಲ್ಲಿ ಕೆಲಸ ಮಾಡುತ್ತದೆ ಎಂಬ ಮಾತಲ್ಲ.

ಇನ್ನೊಂದು ವಿಷಯ. ಜೆಂಟಿಯನ್ನಿನ ಕಹಿಗೆ ಮುಖ್ಯ ಕಾರಣವಾದ ಅಮರೋಜೆಂಟಿನ್ ಎಂಬ ಅಂಶ ನಮ್ಮ ಕಿರಾತಕಡ್ಡಿಯಲ್ಲೂ ಇದೆ. ಎರಡೂ ಒಂದೇ ಕುಟುಂಬದ ಗಿಡಗಳು. ಅಮರೋಜೆಂಟಿನ್ನಿನ ಒಂದು ಭಾಗವನ್ನು ೫ ಕೋಟಿ ೮೦ ಲಕ್ಷ ಭಾಗ ನೀರಿನಲ್ಲಿ ಕರಗಿಸಿದರೂ ಅದರ ಕಹಿ ತಿಳಿಯುತ್ತದೆ ಎಂದು ಲೆಕ್ಕ. ಈ ಕುಟುಂಬದ ಕಹಿಯನ್ನು ನಾವು ಜ್ವರಕ್ಕೆ ಹೆಚ್ಚಾಗಿ ಕೊಟ್ಟೆವು, ಯುರೋಪಿನವರು ಹಸಿವಿಗೆ ಕೊಟ್ಟರು, ಚೀನೀಯರು ಯಕೃತ್ತಿನ ಉರಿಗೆ ಕೊಟ್ಟರು.

ಹಳೆಯ ಗ್ರಂಥಗಳ ಓದುಗ

ವೈದ್ಯರ ಮಾತಿಗೆ ಸೇರಿಸಿ ಒಂದಿಷ್ಟು ಚರಿತ್ರೆ ಹೇಳುತ್ತೇನೆ, ಏಕೆಂದರೆ ಈ ಗೊಂದಲದ ಬೇರು ಅಲ್ಲಿದೆ.

ಚೀನಾದಲ್ಲಿ ಗತಿಗಳ ಸಿದ್ಧಾಂತ ಮತ್ತು ಮೂಲಿಕೆಗಳ ಜ್ಞಾನ ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಹ್ವಾಂಗ್‌ದಿ ನೇಯ್‌ಜಿಂಗ್ ಎಂಬ ಮೂಲಗ್ರಂಥ ಐದು ಗತಿ, ಐದು ರುಚಿ, ಐದು ಅಂಗಗಳನ್ನು ವಿಸ್ತಾರವಾಗಿ ಹೇಳುತ್ತದೆ, ಆದರೆ ಅದರಲ್ಲಿ ಔಷಧಯೋಗಗಳು ಕೈಬೆರಳೆಣಿಕೆಯಷ್ಟು ಮಾತ್ರ; ಅದು ಮುಖ್ಯವಾಗಿ ಸೂಜಿಚಿಕಿತ್ಸೆಯ ಕಡೆಗೆ ವಾಲಿದ ಗ್ರಂಥ. ಇನ್ನೊಂದು ಕಡೆ ಶೆನ್‌ನೊಂಗ್ ಬೆನ್‌ಸಾವ್ ಜಿಂಗ್ ೩೬೫ ದ್ರವ್ಯಗಳನ್ನು ಮೂರು ದರ್ಜೆಗಳಲ್ಲಿ ಹೇಳುತ್ತದೆ. ಅಲ್ಲಿ ಪ್ರತಿಯೊಂದಕ್ಕೂ ರುಚಿ ಇದೆ, ಶೀತ ಉಷ್ಣಗಳ ಮಾತಿದೆ, ಇಂಥ ತೊಂದರೆಗೆ ಆಗುತ್ತದೆ ಎಂಬುದಿದೆ. ಯಾವ ಮೂಲಿಕೆ ಯಾವ ಅಂಗದ ನಾಳಕ್ಕೆ ಹೋಗುತ್ತದೆ ಎಂಬ ವಿಚಾರವನ್ನು ವ್ಯವಸ್ಥಿತವಾಗಿ ಕಟ್ಟಿದವನು ಜಿನ್ ರಾಜವಂಶದ ಕಾಲದ, ಅಂದರೆ ೧೨ನೆಯ ಶತಮಾನದ, ಝಾಂಗ್ ಯುವಾನ್‌ಸು. ನೇಯ್‌ಜಿಂಗ್‌ಗೂ ಅವನಿಗೂ ನಡುವೆ ಸಾವಿರ ವರ್ಷಕ್ಕೂ ಮೀರಿದ ಅಂತರವಿದೆ. ಆದ್ದರಿಂದ ರುಚಿಯ ಪಟ್ಟಿ ಮತ್ತು ನಾಳದ ಪಟ್ಟಿ ಒಂದಕ್ಕೊಂದು ಹೊಂದಲೇಬೇಕೆಂದು ನಿರೀಕ್ಷಿಸುವುದು ಸರಿಯಲ್ಲ.

ಇದಕ್ಕೆ ಮೂರು ಹಳದಿ ಮೂಲಿಕೆಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ. ಹ್ವಾಂಗ್ ಚಿನ್, ಹ್ವಾಂಗ್ ಲಿಯೆನ್, ಹ್ವಾಂಗ್ ಬಾಯ್, ಮೂರೂ ಕಹಿ, ಮೂರೂ ಶೀತ, ಮೂರೂ ಉಷ್ಣವನ್ನು ತೆಗೆದು ತೇವವನ್ನು ಒಣಗಿಸುತ್ತವೆ. ಕೊನೆಯ ಎರಡರಲ್ಲಿ ಮರದರಿಶಿನದಲ್ಲಿರುವ ಬರ್ಬರೀನ್ ಕೂಡ ಇದೆ. ಪಾಶ್ಚಾತ್ಯ ಕರ್ಮದ ಪಟ್ಟಿಯಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆದುಬಿಡಬಹುದು. ಆದರೆ ಚೀನೀ ವೈದ್ಯ ಮೊದಲನೆಯದನ್ನು ಎದೆಯ ಮೇಲುಭಾಗದ ಉರಿಗೂ, ಎರಡನೆಯದನ್ನು ಹೃದಯ ಮತ್ತು ಜಠರದ ಉರಿಗೂ, ಮೂರನೆಯದನ್ನು ಮೂತ್ರಪಿಂಡ, ಮೂತ್ರಕೋಶ ಮೊದಲಾದ ಕೆಳಭಾಗದ ಉರಿಗೂ ಆರಿಸಿಕೊಳ್ಳುತ್ತಾನೆ. ಬೆಂಕಿಯ ರುಚಿಯುಳ್ಳ ಮೂರು ಮೂಲಿಕೆಗಳಲ್ಲಿ ಬೆಂಕಿಯ ಅಂಗವನ್ನೇ ಗುರಿಯಾಗಿಟ್ಟುಕೊಂಡದ್ದು ಒಂದು ಮಾತ್ರ.

ನೇಯ್‌ಜಿಂಗ್‌ನ ಸೂವೆನ್ ಭಾಗದಲ್ಲಿ ರುಚಿಗೆ ಇನ್ನೊಂದು, ಹೆಚ್ಚು ಉಪಯುಕ್ತವಾದ ಲಕ್ಷಣ ಕೊಟ್ಟಿದ್ದಾರೆ: ಖಾರ ಚದುರಿಸುತ್ತದೆ, ಹುಳಿ ಒಳಗೆ ಸೆಳೆದುಕೊಳ್ಳುತ್ತದೆ, ಸಿಹಿ ಸಡಿಲಿಸುತ್ತದೆ, ಕಹಿ ಗಟ್ಟಿ ಮಾಡುತ್ತದೆ, ಉಪ್ಪು ಮೆದು ಮಾಡುತ್ತದೆ. ಇವೆಲ್ಲ ಕ್ರಿಯಾಪದಗಳು ಎಂಬುದನ್ನು ಗಮನಿಸಿ. ನಿಮ್ಮ ಪಾಶ್ಚಾತ್ಯ ಕರ್ಮಗಳೂ ಕ್ರಿಯಾಪದಗಳೇ. ಸೇತುವೆ ಕಟ್ಟಬೇಕಾದದ್ದು ಇಲ್ಲಿ.

ಔಷಧಶಾಸ್ತ್ರದ ಮೇಷ್ಟರು

ನಾನು ಈ ಚರ್ಚೆಯನ್ನು ಗೌರವದಿಂದ ಓದುತ್ತಿದ್ದೇನೆ, ಆದರೂ ನನ್ನ ಅನುಮಾನವನ್ನು ಮುಚ್ಚಿಡುವುದಿಲ್ಲ. ಕಹಿ ಹನಿ ನಾಲಿಗೆಗೆ ತಾಗಿದರೆ ಕಹಿಯ ಗ್ರಾಹಕಗಳು ಎಚ್ಚರಗೊಳ್ಳುತ್ತವೆ, ನರಗಳ ಮೂಲಕ ಲಾಲಾರಸ ಮತ್ತು ಜಠರರಸ ಹೆಚ್ಚುತ್ತವೆ. ಅಂಥ ಗ್ರಾಹಕಗಳು ಕರುಳಿನಲ್ಲೂ ಶ್ವಾಸನಾಳದಲ್ಲೂ ಇವೆ. ಇದನ್ನು ವಿವರಿಸಲು ಮರವೂ ಬೇಡ, ಲೋಹವೂ ಬೇಡ. ಎರಡು ಪದ್ಧತಿಗಳ ನಡುವೆ ಅನುವಾದ ಮಾಡಬೇಕಾದರೆ ಎರಡಕ್ಕೂ ಹೊರಗಿನ ಒಂದು ಅಳತೆಗೋಲು ಬೇಕು; ಆ ಕೆಲಸವನ್ನು ರಸಾಯನಶಾಸ್ತ್ರ ಈಗಾಗಲೇ ಮಾಡುತ್ತಿದೆ. ಜಪಾನಿನ ರಸಾಯನಶಾಸ್ತ್ರಜ್ಞ ನಾಗಾಯ್ ನಾಗಾಯೋಶಿ ೧೮೮೫ರಲ್ಲಿ ಮಾ ಹ್ವಾಂಗ್ ಎಂಬ ಚೀನೀ ಮೂಲಿಕೆಯಿಂದ ಎಫೆಡ್ರಿನ್ ಬೇರ್ಪಡಿಸಿದ ಮೇಲೆ ಆ ಗಿಡ ಶ್ವಾಸನಾಳವನ್ನು ಏಕೆ ಸಡಿಲಿಸುತ್ತದೆ ಎಂದು ತಿಳಿಯುವ ದಾರಿ ತೆರೆಯಿತು. ಚೀನೀ ವಿಜ್ಞಾನಿ ತು ಯೂಯೂ ಅವರಿಗೆ ೨೦೧೫ರ ನೊಬೆಲ್ ತಂದ ಮಲೇರಿಯಾ ಔಷಧಿ ಆರ್ಟೆಮಿಸಿನಿನ್‌ನ ಕಥೆಯೂ ಹೀಗೆಯೇ. ಹಳೆಯ ಗ್ರಂಥವೊಂದರಲ್ಲಿದ್ದ, ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿ ಎಂಬ ಮಾತು ಅವರಿಗೆ ಸಹಾಯ ಮಾಡಿತು, ಅದರಿಂದ ಕುದಿಸಬಾರದೆಂಬ ಸುಳಿವು ಸಿಕ್ಕಿತು. ಗತಿಗಳ ಸಿದ್ಧಾಂತ ಅಲ್ಲಿ ಏನನ್ನೂ ಮಾಡಲಿಲ್ಲ.

ಹಳೆಯ ಗ್ರಂಥಗಳ ಓದುಗ

ಮೇಷ್ಟರೇ, ಆರ್ಟೆಮಿಸಿನಿನ್ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಮಾ ಹ್ವಾಂಗ್ ಹೆಸರು ತೆಗೆದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ.

ಪಾಶ್ಚಾತ್ಯ ಪಟ್ಟಿಯಲ್ಲಿ ಆ ಗಿಡಕ್ಕೆ ಮೂರು ಬೇರೆ ಬೇರೆ ಕರ್ಮಗಳನ್ನು ಬರೆಯಬೇಕಾಗುತ್ತದೆ: ಬೆವರು ತರಿಸುತ್ತದೆ, ಉಬ್ಬಸ ಇಳಿಸುತ್ತದೆ, ಮೂತ್ರ ಇಳಿಸುತ್ತದೆ. ಈ ಮೂರಕ್ಕೂ ಸಂಬಂಧ ಏನು ಎಂದು ಪಟ್ಟಿ ಹೇಳುವುದಿಲ್ಲ. ಚೀನೀ ವೈದ್ಯನಿಗೆ ಇದು ಒಂದೇ ಕೆಲಸ. ಅವನ ದೃಷ್ಟಿಯಲ್ಲಿ ಶ್ವಾಸಕೋಶ ಎಲ್ಲ ಅಂಗಗಳ ಮೇಲಿರುವ ಮುಚ್ಚಳ. ಅದು ದ್ರವವನ್ನು ಹೊರಗೆ ಚರ್ಮದತ್ತ ಹರಡುತ್ತದೆ, ಕೆಳಗೆ ಮೂತ್ರಕೋಶದತ್ತ ಇಳಿಸುತ್ತದೆ. ಚಹಾ ಕುಡಿಕೆಯ ಮುಚ್ಚಳ ಬಿಗಿಯಾಗಿ ಕೂತು ಅದರ ಸಣ್ಣ ತೂತು ಕಟ್ಟಿಕೊಂಡಿದ್ದರೆ, ಕುಡಿಕೆಯನ್ನು ಎಷ್ಟು ಬಗ್ಗಿಸಿದರೂ ಮೂತಿಯಿಂದ ತೊಟ್ಟು ತೊಟ್ಟಾಗಿ ಮಾತ್ರ ಬೀಳುತ್ತದೆ; ಮುಚ್ಚಳವನ್ನು ಬೆರಳಿನಿಂದ ಒಂದಿಷ್ಟು ಎತ್ತಿದ ಕೂಡಲೇ ಧಾರೆ ಕಟ್ಟುತ್ತದೆ. ಕುಡಿಕೆ ಎತ್ತಿ ಮುಚ್ಚಳ ತೆರೆಯುವುದು ಎಂದೇ ಈ ಚಿಕಿತ್ಸೆಗೆ ಅವರು ಹೆಸರಿಟ್ಟಿದ್ದಾರೆ. ಮುಖ ಮೈ ಊದಿಕೊಂಡು ಮೂತ್ರ ಕಟ್ಟಿದಾಗ ಕೆಳಕ್ಕೆ ಎಳೆಯುವ ಮೂತ್ರಲವನ್ನು ಕೊಡದೆ ಮೇಲಿನ ಶ್ವಾಸಕೋಶವನ್ನು ತೆರೆಯುತ್ತಾರೆ. ಲೋಹ ನೀರನ್ನು ಹುಟ್ಟಿಸುತ್ತದೆ ಎಂಬ ಗತಿಯ ಮಾತು ಇಲ್ಲಿ ಅಲಂಕಾರವಲ್ಲ. ಯಾವ ತುದಿಯಿಂದ ಕೆಲಸ ಶುರು ಮಾಡಬೇಕೆಂಬ ನಿರ್ಧಾರ ಅದರಿಂದಲೇ ಬರುತ್ತದೆ.

ಔಷಧಶಾಸ್ತ್ರದ ಮೇಷ್ಟರು

ಉಪಮೆ ಸೊಗಸಾಗಿದೆ, ಆದರೆ ಅದು ಒಂದು ಅಪಾಯವನ್ನು ಮರೆಮಾಡಬಾರದು. ಎಫೆಡ್ರಿನ್ ಶ್ವಾಸನಾಳವನ್ನು ಸಡಿಲಿಸುವಾಗಲೇ ಮೂತ್ರಕೋಶದ ಕತ್ತನ್ನು ಬಿಗಿ ಮಾಡುತ್ತದೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ವಯಸ್ಸಾದವರಿಗೆ ಮೂತ್ರ ಇಳಿಸುತ್ತದೆ ಎಂದು ನಂಬಿ ಅದನ್ನು ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ರಕ್ತದೊತ್ತಡ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ. ಅಮೆರಿಕದಲ್ಲಿ ಎಫೆಡ್ರಾ, ಅಂದರೆ ಮಾ ಹ್ವಾಂಗ್, ಬೆರೆತ ಆಹಾರಪೂರಕಗಳನ್ನು ೨೦೦೪ರಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಒಂದು ಗತಿಯಿಂದ ಇನ್ನೊಂದಕ್ಕೆ ಎಳೆದ ಬಾಣ ಕೂಡ ತಪ್ಪು ಹೇಳಬಹುದು ಎಂಬುದನ್ನು ಪಟ್ಟಿಯ ಅಂಚಿನಲ್ಲಾದರೂ ಬರೆದಿಡಬೇಕು.

ಹಳೆಯ ಗ್ರಂಥಗಳ ಓದುಗ

ಇದನ್ನು ತಲೆಬಾಗಿ ಒಪ್ಪುತ್ತೇನೆ. ಊತಕ್ಕೆ ಹೇಳಿದ ಮಾತನ್ನು ಪ್ರಾಸ್ಟೇಟ್ ತೊಂದರೆಗೆ ಎಳೆದು ತರುವುದು ಚೀನೀ ಪದ್ಧತಿಯೊಳಗೂ ತಪ್ಪೇ. ಅಲ್ಲಿ ರೋಗಿಯ ನಾಡಿ, ನಾಲಿಗೆ, ಚಳಿ, ಬೆವರು ಇವುಗಳನ್ನು ನೋಡದೆ ಮಾ ಹ್ವಾಂಗ್ ಕೊಡುವಂತಿಲ್ಲ. ಅದೇ ಗಿಡದ ಬೇರು ಬೆವರನ್ನು ನಿಲ್ಲಿಸುತ್ತದೆ, ಕಾಂಡ ಬೆವರನ್ನು ತರಿಸುತ್ತದೆ. ಗಿಡದ ಹೆಸರೊಂದನ್ನೇ ಒಂದು ಗತಿಗೆ ಅಂಟಿಸಿಬಿಟ್ಟರೆ ಈ ಎರಡನ್ನು ಎಲ್ಲಿಡುತ್ತೀರಿ?

ಜೆಂಟಿಯನ್ ಓದುಗಿ

ಇಷ್ಟು ತಾಳ್ಮೆಯಿಂದ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಬಾಣ ಎಂಬ ಮಾತನ್ನು ಓದಿದ ಮೇಲೆ ನನಗೆ ಕ್ಯಾಮೊಮೈಲ್ ನೆನಪಾಯಿತು. ನಮ್ಮ ಅಭ್ಯಾಸದ ಚಿಕಿತ್ಸಾಲಯದಲ್ಲಿ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಹೊಟ್ಟೆನೋವೆಂದು ಬರುತ್ತಾರೆ. ಬೆಳಿಗ್ಗೆ ಹೊಟ್ಟೆ ಹಿಂಡುತ್ತದೆ, ಭೇದಿಯಾಗುತ್ತದೆ, ಭೇದಿಯಾದ ಮೇಲೆ ನೋವು ಇಳಿಯುತ್ತದೆ. ರಜೆ ಬಂದರೆ ಏನೂ ಇರುವುದಿಲ್ಲ. ಅವರಿಗೆ ಕ್ಯಾಮೊಮೈಲ್ ಕೊಡಲು ಹೇಳಿಕೊಟ್ಟಿದ್ದಾರೆ. ಆ ಹೂವಿನ ಕರ್ಮಗಳೆಂದು ನಾನು ಬರೆದುಕೊಂಡದ್ದು ನರಶಮನ, ಸೆಳೆತ ಬಿಡಿಸುವುದು, ವಾಯು ಇಳಿಸುವುದು, ಮೆಲುಕಹಿ. ನಾಲ್ಕು ಕರ್ಮಗಳನ್ನು ನಾಲ್ಕು ಮನೆಗಳಿಗೆ ಹಂಚಿಬಿಟ್ಟಿದ್ದೆ. ಮರ ಮಣ್ಣನ್ನು ಮೀರಿ ಒತ್ತುವುದು ಎಂದು ಚೀನೀ ಪಾಠದಲ್ಲಿ ಹೇಳುವುದು ಇದೇ ಚಿತ್ರವನ್ನೇ?

ಹಳೆಯ ಗ್ರಂಥಗಳ ಓದುಗ

ಇದೇ ಚಿತ್ರ. ನೀವು ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಹೇಳಿಕೊಂಡಿದ್ದೀರಿ ಎಂದು ನನಗೆ ಅನ್ನಿಸುತ್ತದೆ.

ಒಂದು ಕರ್ಮವನ್ನು ಒಂದು ಗತಿಗೆ ಹೊಂದಿಸಲು ಹೋದರೆ ಸೋಲುತ್ತೇವೆ, ಏಕೆಂದರೆ ಗತಿಗಳ ಸಾರ ಇರುವುದು ಅವುಗಳ ಹೆಸರಿನಲ್ಲಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವ ಸಂಬಂಧದಲ್ಲಿ. ಆದರೆ ಒಂದು ಮೂಲಿಕೆಯಲ್ಲಿ ಕರ್ಮಗಳು ಗುಂಪಾಗಿ ಬರುತ್ತವೆ. ಆ ಗುಂಪನ್ನು ಸಂಬಂಧಕ್ಕೆ ಹೊಂದಿಸಬಹುದು. ಸಿಟ್ಟು, ಒತ್ತಡ, ಬಿಗಿತ ಇವು ಯಕೃತ್ತಿನವು, ಅಂದರೆ ಮರದವು. ಜೀರ್ಣಿಸಿ ಹಂಚುವುದು ಪ್ಲೀಹದ್ದು, ಅಂದರೆ ಮಣ್ಣಿನದು. ಮನಸ್ಸಿನ ಬಿಗಿತ ಹೊಟ್ಟೆಯನ್ನು ಹಿಂಡುವಾಗ ಬೇಕಾದದ್ದು ಬಿಗಿತವನ್ನೂ ಬಿಡಿಸಿ ಹೊಟ್ಟೆಯನ್ನೂ ಎತ್ತಿ ಹಿಡಿಯುವ ಮೂಲಿಕೆ. ಚೀನೀಯರು ಇದನ್ನು ಒಂದೇ ಗಿಡದಲ್ಲಿ ಹುಡುಕುವುದಿಲ್ಲ, ಯೋಗದಲ್ಲಿ ಕಟ್ಟುತ್ತಾರೆ. ತುಂಗ್ ಶಿಯೆ ಯಾವ್ ಫಾಂಗ್ ಎಂಬ ಯೋಗದಲ್ಲಿ ನಾಲ್ಕೇ ದ್ರವ್ಯಗಳು: ಪ್ಲೀಹಕ್ಕೆ ಬಲ ಕೊಡುವ ಬಾಯ್ ಝು, ಹುಳಿಯಿಂದ ಯಕೃತ್ತನ್ನು ಒಳಗೆ ಸೆಳೆದು ಮೆದು ಮಾಡುವ ಬಾಯ್ ಶಾವ್, ವಾಯು ಸರಿಪಡಿಸುವ ಹಳೆಯ ಕಿತ್ತಳೆಸಿಪ್ಪೆ ಛೆನ್ ಪೀ, ಮತ್ತು ಫಾಂಗ್ ಫೆಂಗ್. ನೀವು ಬರೆದ ಲಕ್ಷಣ, ನೋವು ಬಂದು ಭೇದಿಯಾಗಿ ನೋವು ಇಳಿಯುವುದು, ಈ ಯೋಗದ ಲಕ್ಷಣವೇ ಆಗಿದೆ.

ಪುದೀನವೂ ಇದೇ ಬಾಣದ ಮೇಲೆ ಬರುತ್ತದೆ. ಚೀನೀ ಪುದೀನ ಬೋ ಹ ಖಾರ, ತಂಪು, ಶ್ವಾಸಕೋಶ ಮತ್ತು ಯಕೃತ್ತಿಗೆ ಹೋಗುವಂಥದ್ದು. ಶಿಯಾವ್ ಯಾವ್ ಸಾನ್ ಎಂಬ ಪ್ರಸಿದ್ಧ ಯೋಗದಲ್ಲಿ ಅದನ್ನು ಚಿಟಿಕೆಯಷ್ಟು ಮಾತ್ರ ಸೇರಿಸುತ್ತಾರೆ, ಯಕೃತ್ತಿನ ಕಟ್ಟು ಬಿಡಿಸಲು. ಬೋ ಹ ಹಾಕಿ ಕಷಾಯ ಕಾಯಿಸುವಾಗ ಅದನ್ನು ಕೊನೆಯ ಕೆಲವು ನಿಮಿಷ ಇರುವಾಗ ಹಾಕುವುದು ವಾಡಿಕೆ. ಪರಿಮಳ ಹೊಗೆಯಾಗಿ ಹೋದರೆ ಚದುರಿಸುವ ಗುಣವೂ ಹೋಯಿತು ಎಂದು ಲೆಕ್ಕ. ಪಾಶ್ಚಾತ್ಯರು ಪುದೀನ ಎಣ್ಣೆಯನ್ನು ಕರುಳಿನ ಸೆಳೆತಕ್ಕೆ ಕೊಡುವುದು ನಿಮಗೆ ಗೊತ್ತೇ ಇದೆ.

ಮೈಸೂರಿನ ಆಯುರ್ವೇದ ವೈದ್ಯ

ಇನ್ನೊಂದು ಬಾಣವನ್ನೂ ನೋಡಬಹುದು. ಮಣ್ಣು ಲೋಹವನ್ನು ಹುಟ್ಟಿಸುತ್ತದೆ. ಬಿಡದ ಕಫದ ಕೆಮ್ಮಿಗೆ ಕಫ ಸಡಿಲಿಸುವುದನ್ನೇ ಕೊಡುತ್ತಾ ಹೋಗುವ ಬದಲು ಜೀರ್ಣವನ್ನು ಸರಿಪಡಿಸುವುದು ಚೀನೀಯರ ಕ್ರಮ. ಕೊರತೆಯಿದ್ದರೆ ತಾಯಿಗೆ ಬಲ ಕೊಡು ಎಂಬ ನಾನ್‌ಜಿಂಗ್ ಗ್ರಂಥದ ಸೂತ್ರ ಅದಕ್ಕೆ ಆಧಾರ. ಪ್ಲೀಹ ಕಫ ಹುಟ್ಟುವ ಜಾಗ, ಶ್ವಾಸಕೋಶ ಅದನ್ನು ಇಡುವ ಪಾತ್ರೆ ಎಂದು ಅವರಲ್ಲಿ ಗಾದೆಯಂತೆ ಹೇಳುತ್ತಾರೆ. ನಮ್ಮಲ್ಲೂ ಆಮ, ಅಂದರೆ ಸರಿಯಾಗಿ ಜೀರ್ಣವಾಗದೆ ಉಳಿದದ್ದು, ಮತ್ತು ಕಫದ ವಿಚಾರ ಬಂದಾಗ ಅಗ್ನಿಯಿಂದ, ಅಂದರೆ ಜೀರ್ಣಶಕ್ತಿಯಿಂದ, ಶುರು ಮಾಡುವುದು ರೂಢಿ, ಆದರೆ ನಮ್ಮ ಕಾರಣ ಬೇರೆ, ಅವರ ಕಾರಣ ಬೇರೆ; ಫಲ ಹೋಲುತ್ತದೆ ಎಂದು ಕಾರಣವನ್ನೂ ಒಂದು ಮಾಡಬಾರದು. ನಿಮ್ಮ ಕಡೆಯ ಎಲಿಕ್ಯಾಂಪೇನ್ ಬೇರು ಕಹಿ, ಸುಗಂಧಿ, ಕಫ ಸಡಿಲಿಸುವುದು, ಹೊಟ್ಟೆಯನ್ನೂ ಬೆಚ್ಚಗೆ ಮಾಡುವುದು. ಅದನ್ನು ಈ ಬಾಣದ ಮೇಲೆ ಇಟ್ಟು ನೋಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಬಲವಾಗಿ ಹೇಳುತ್ತೇನೆ. ಗತಿ ಹೊಂದಿತು ಎಂದು ಒಂದು ಗಿಡದ ಬದಲಿಗೆ ಇನ್ನೊಂದನ್ನು ಹಾಕಬೇಡಿ. ೧೯೯೦ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಫಾಂಗ್ ಜಿ ಎಂಬ ಹೆಸರಿನ ಮೂಲಿಕೆ ಸೇರಿತ್ತು. ಬೇಕಾದದ್ದು ಸ್ಟೆಫಾನಿಯಾ ಬೇರು. ಬಂದದ್ದು ಹೆಸರಿನಲ್ಲಿ ಹೋಲುವ, ವಿಷಕಾರಿಯಾದ ಅರಿಸ್ಟೊಲೋಕಿಯಾ. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಹಾಳಾದವು, ಬಹುಪಾಲು ಹೆಂಗಸರು. ಜ್ಯೇಷ್ಠಮಧು ಕೂಡ, ಎಲ್ಲ ಯೋಗಗಳಲ್ಲೂ ಸಿಹಿಯಾಗಿ ಬೆರೆಯುತ್ತದೆ ಎಂದು ತಿಂಗಳುಗಟ್ಟಲೆ ಕೊಟ್ಟರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಮಣ್ಣಿನ ಗತಿಗೆ ಸೇರಿದ್ದು ಎಂಬ ಮಾತು ಅದನ್ನು ತಡೆಯುವುದಿಲ್ಲ.

ಜೆಂಟಿಯನ್ ಓದುಗಿ

ನಿನ್ನೆ ರಾತ್ರಿ ಕುಳಿತು ಹಳೆಯ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ಶುರು ಮಾಡಿದೆ. ಈ ಬಾರಿ ಐದು ಕಂಬಗಳನ್ನು ಎಳೆಯಲಿಲ್ಲ. ಐದು ಹೆಸರುಗಳನ್ನು ವೃತ್ತವಾಗಿ ಬರೆದು, ನಡುವೆ ಹುಟ್ಟಿಸುವ ಗೆರೆ ಮತ್ತು ತಡೆಯುವ ಗೆರೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಎಳೆದೆ. ಮರದಿಂದ ಮಣ್ಣಿಗೆ ಹೋಗುವ ಗೆರೆಯ ಮೇಲೆ ಕ್ಯಾಮೊಮೈಲ್ ಮತ್ತು ಪುದೀನ, ಮಣ್ಣಿನಿಂದ ಲೋಹಕ್ಕೆ ಹೋಗುವ ಗೆರೆಯ ಮೇಲೆ ಎಲಿಕ್ಯಾಂಪೇನ್, ಕಿತ್ತಳೆಸಿಪ್ಪೆ ಬರೆದೆ. ಲೋಹದಿಂದ ನೀರಿನ ಗೆರೆಯ ಮೇಲೆ ಮಾ ಹ್ವಾಂಗ್ ಬರೆದು, ಪಕ್ಕದಲ್ಲಿ ಮೇಷ್ಟರ ಎಚ್ಚರಿಕೆಯನ್ನು ಕೆಂಪು ಶಾಯಿಯಲ್ಲಿ ಸೇರಿಸಿದೆ.

ಜೆಂಟಿಯನ್ನನ್ನು ಎಲ್ಲಿ ಬರೆಯುವುದೆಂದು ಬಹಳ ಹೊತ್ತು ಯೋಚಿಸಿದೆ. ಚೀನೀ ದಾಯಾದಿಯನ್ನು ಹೆಚ್ಚು ಪ್ರಮಾಣದಲ್ಲಿ, ಕಷಾಯವಾಗಿ, ಕಣ್ಣು ಕೆಂಪಾಗಿ ಬಾಯಿ ಕಹಿಯಾದ ಗಟ್ಟಿ ದೇಹದವರಿಗೆ ಮರದ ಉರಿ ಇಳಿಸಲು ಕೊಡುತ್ತಾರೆ. ಇಲ್ಲಿಯವರು ಹನಿಗಳಲ್ಲಿ, ಊಟಕ್ಕೆ ಮುಂಚೆ, ಕಾಯಿಲೆ ಬಿದ್ದೆದ್ದು ಹಸಿವೇ ಇಲ್ಲದವರಿಗೆ ಮಣ್ಣನ್ನು ಎಬ್ಬಿಸಲು ಕೊಡುತ್ತಾರೆ. ರುಚಿ ಒಂದೇ, ಪ್ರಮಾಣ ಬೇರೆ, ಕುಡಿಯುವವರು ಬೇರೆ. ಆದ್ದರಿಂದ ಅದನ್ನು ಎರಡು ಕಡೆ ಬರೆದಿದ್ದೇನೆ, ಎರಡು ಕಡೆಯೂ ಹನಿಯ ಲೆಕ್ಕ ಮತ್ತು ರೋಗಿಯ ಲಕ್ಷಣದ ಜೊತೆಗೆ. ಮುಂದಿನ ವಾರ ಒಗರು ಮೂಲಿಕೆಗಳನ್ನು ಎತ್ತಿಕೊಳ್ಳಬೇಕೆಂದಿದ್ದೇನೆ. ಚೀನೀಯರ ಐದು ರುಚಿಗಳಲ್ಲಿ ಒಗರಿಗೆ ಪ್ರತ್ಯೇಕ ಜಾಗವಿಲ್ಲ, ಅದನ್ನು ಹುಳಿಯ ಜೊತೆಗೇ ಸೇರಿಸಿದ್ದಾರೆ. ನಮ್ಮಲ್ಲಿ ಆರನೆಯ ರಸವಾಗಿ ಕಷಾಯ, ಅಂದರೆ ಒಗರು, ಬೇರೆಯೇ ಇದೆ. ಓಕ್ ತೊಗಟೆಯ ಒಗರು ನಿಂಬೆಯ ಹುಳಿಯಂತೆಯೇ ಒಳಗೆ ಸೆಳೆಯುತ್ತದೆಯೇ ಎಂಬುದನ್ನು ವೈದ್ಯರು ಬಿಡಿಸಿ ಹೇಳಿದರೆ ಅಲ್ಲಿಂದ ಶುರು ಮಾಡುತ್ತೇನೆ.